ಸುಗಲಾಬಾಯಿ ಗಾಡಿಗೆ ಬಣ್ಣ

ನೂಲು ಬಣ್ಣ ಕುಡೀತದ, ರೆಕ್ಸಿನ್ ಕುಡಿಯೂದಿಲ್ಲ.
ಇಷ್ಟು ತಿಳಕೊಳ್ಳೂದಕ್ಕ
ನಾ ಹನ್ನೊಂದು ಸೀಟು ಕೆಡಿಸೀನಿ.

ಸೊಲ್ಲಾಪುರ, ಹೋಟಗಿ ರಸ್ತೆ, ತಗಡಿನ ಶೆಡ್ಡು.
ಇವತ್ತು ಬಂದದ್ದು ಸುಗಲಾಬಾಯಿ ಬಿರಾಜದಾರರ ಗಾಡಿ,
ನೆತ್ತಿ ಮ್ಯಾಲ ಡ್ರೈವಿಂಗ್ ಸ್ಕೂಲಿನ ಬೋರ್ಡು,
ಒಳಗ ಎರಡು ಬ್ರೇಕು, ಎರಡು ಕ್ಲಚ್ಚು,
ಒಂದೇ ಸ್ಟೇರಿಂಗು.

ಕಲಿಯೋರ ಸೀಟು ಬೆನ್ನಿನ ಬೆವರಿಗೆ ಬಿರದದ.
ಕಲಿಸೋಕಿ ಸೀಟಿನ ಬೆನ್ನು ಮಾತ್ರ ಇದ್ದಂಗ ಅದ,
ಸವದದ್ದು ಮುಂದಿನ ತುದಿ ಅಷ್ಟೇ.
ಇಪ್ಪತ್ತು ವರ್ಷ ಈ ಬಾಯಿ ಒಂದಿನಾನೂ
ಆನಿಸಿ ಕುಂತಿಲ್ಲ.
ಬಾಗಿಲ ಹಿಡಿಕಿ ಸುತ್ತ ಉಗುರಿನ ಗೀರು:
ಇದು ಎಮ್ಮಿ, ಇದು ಕಬ್ಬಿನ ಟ್ರ್ಯಾಕ್ಟರು,
ಈ ಉದ್ದಂದು ಎಸ್.ಟಿ. ಬಸ್ಸು ಇರಬೇಕು.

"ಯಾವ ಬಣ್ಣ ಹೊಡೀಲಿ ಬಾಯೀ?"
"ಮೊದಲಿಂದೇ. ಬೂದಿ ಬಣ್ಣ.
ಹುಡುಗೀರು ಹೆದರಬಾರದು, ಮುದುಕರು ನಗಬಾರದು."

ಸೀಟು ಬಿಚ್ಚಿದೆ. ಅಡಿಯಾಗ ಸಿಕ್ಕದ್ದು
ಎರಡು ಪಿನ್ನು, ಹಳೇ ಐವತ್ತು ಪೈಸೆ,
ಲೈಸನ್ಸಿಗೆ ತಗಸಿದ ಯಾರದೋ ಫೋಟೋ,
ಕಣ್ಣು ಮುಚ್ಚಿದ್ದು.

ತೊಳಿಯೂದೇ ಕೆಲಸ. ಬಣ್ಣ ಆಮ್ಯಾಲ.
ಸಾಬೂನು, ಬ್ರಷ್ಷು, ಒಣ ಅರಿವಿ, ಸ್ಪಿರಿಟ್ಟು.
ತಲೆಎಣ್ಣಿ ಹೊಲಿಗಿ ಸಂದಿನಾಗ ಅಡಗಿ ಕುಂತಿರ್ತದ,
ಅದನ್ನ ಬಿಟ್ಟು ಹೊಡದ್ರ
ಮುಂದಿನ ಬ್ಯಾಸಗಿಗೆ ಬಣ್ಣ ಹಪ್ಪಳದಂಗ ಏಳ್ತದ.

ಅಜ್ಜ ಕಾಶಿರಾಯ ಗಿರಣಿ ರಂಗಖಾತೆದಾಗ ಇದ್ದ.
ಅವಗ ಈ ಜಗಳ ಇರಲಿಲ್ಲ.
ಕುದಿಯೋ ಹೌದಿನಾಗ ನೂಲಿನ ಲಡಿ ಅದ್ದಿದ್ರ
ಎಳಿ ಎಳಿಗೂ ಇಳೀತಿತ್ತು ಬಣ್ಣ,
ಅವನ ಉಗುರಿಗೂ.
ಅಂವ ಮುರದ ರೊಟ್ಟಿ ಅಂಚು ನೀಲಿ.
ಸತ್ತಾಗ ಮೈ ತೊಳದ್ವಿ, ನೀರು ತಿಳಿಯಾಗೇ ಹರೀತು.
ಒಂದು ಹನಿ ಬಿಡಲಿಲ್ಲ ಮುದುಕ.

ಬಣ್ಣ ಬಿಸಲಾಗ ನೋಡು, ಬಲ್ಬಿನಾಗ ನೋಡಬ್ಯಾಡ ಅಂತಿದ್ದ.
ಸೀಟು ಬಿಸಲಿಗೆ ತಂದೆ.

ಕಬ್ಬಿಣದ ಪಟ್ಟಿ ಅಡಿ, ಬೆರಳಗಲ,
ಹುರದ ಶೇಂಗಾ ಸಿಪ್ಪಿ ಬಣ್ಣ.
ಕಂಪನಿ ಕೊಟ್ಟದ್ದು ಅದು.
ಬೂದಿ ಆಮ್ಯಾಲ ಯಾರೋ ಬಳದದ್ದು,
ದಪ್ಪಗ, ಒಂದೇ ಸಲಕ್ಕ, ಅವಸರದಾಗ.
ತಲಿದಿಂಬಿನ ಹಿಂದ ಇಳದು ನಿಂತ ಒಂದು ಹನಿ,
ಹನಿಯೊಳಗ ಒತ್ತಿದ ಹೆಬ್ಬೆರಳು, ಸಣ್ಣದು,
ಅಡ್ಡಕ್ಕ ಗಾಯದ ಗೆರಿ.

ಈ ಗೆರಿ ನನ್ನ ಹೆಬ್ಬೆರಳಿನಾಗ ಅದ.
ಹತ್ತನೇ ವರ್ಷಕ್ಕ ಕತ್ತರಿ ಕೊಟ್ಟದ್ದು.

ಹಂಗಾರ ಇದು ಆ ಹನ್ನೊಂದರಾಗಿಂದು.
ಉಸ್ತಾದ ಮೌಲಾಲಿ ಬೈದು, ಮೂರು ದಿನ ಚಹಾ ಕೊಡಿಸದ,
"ಹೋಗಲಿ ಬಿಡು, ಮಾರೋ ಗಾಡಿ" ಅಂದಿದ್ದ ಸೀಟು.
ಆ ಕೆಟ್ಟ ಬಣ್ಣದ ಮ್ಯಾಲ ಕುಂತು
ಅರ್ಧ ಸೊಲ್ಲಾಪುರ ರಿವರ್ಸ್ ಕಲತದ.

ಬಾಯಿಗೆ ಏನೂ ಹೇಳಲಿಲ್ಲ.
ಪಾಲೀಶ್ ಕಾಗದ ತಗೊಂಡು ಹನಿ ತಿಕ್ಕಿದೆ.
ಗೆರಿ ಕಡೀಗೆ ಹೋತು.

ಮೊದಲನೇ ಕೋಟು ಮಂಜಿನಂಗ,
ನೋಡಿದೋರು "ಏನೂ ಆಗಿಲ್ಲಲ್ಲ" ಅನ್ನಬೇಕು.
ಎರಡನೇದು ಅಡ್ಡ. ಮೂರನೇದು ಉದ್ದ.
ನಡುವ ಒಂದೊಂದು ಬೀಡಿ, ಗಟಾರದಾಚೆ ಹೋಗಿ.

ಸಂಜೀಕ ಬಂದಾಕಿ ಬಿಳೀ ಕರಚೀಪು ತೋಯಿಸಿ
ಸೀಟಿಗೆ ಗಸಗಸ ತಿಕ್ಕಿ, ಬಿಚ್ಚಿ ನೋಡಿದಳು.
ಬೆಳ್ಳಗೇ ಇತ್ತು.
"ಇದು ನೋಡು ಕಂಪನಿ ಬೂದಿ" ಅಂದಳು.

ಇನ್ನೂರು ಕಡಿಮಿ ತಗೊಂಡೆ.
ಯಾಕೋ ಅಂದಳು.
ಮೂರು ದಿನ ಗ್ಲಾಸು ಇಳಸಿ ಇಡ್ರಿ ಅಂದೆ,
ಆನಿಸಿ ಕುಂಡ್ರಬ್ಯಾಡ್ರಿ ಅಂದೆ.

"ನಾ ಯಾವಾಗ ಆನಿಸೀನಿ?"
ಅಂತ ಕ್ಲಚ್ಚು ಬಿಟ್ಟಳು.